ಎಪ್ಪತ್ತನ್ನು ಇಪ್ಪತ್ತು ಎಂದು ಕೇಳಿಸಿಕೊಂಡ ಫೋನ್

ನಮ್ಮ ಚಾಚಾ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾರೆ. ಮೇಲೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಅವರ ಸಣ್ಣ ಘಟಕ ಇದೆ. ಅವರು ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದರೆ ತೆಲುಗೂ ಮಾತಾಡುತ್ತಾರೆ. ಆದರೆ ಬರೆಯಲು ಬರುವುದು ಉರ್ದು ಮಾತ್ರ, ಅದೂ ಹೆಸರು ಮತ್ತು ಲೆಕ್ಕ ಬರೆದುಕೊಳ್ಳುವಷ್ಟು. ಕಳೆದ ವರ್ಷ ನಾನು ಅವರಿಗೆ ಫೋನಿನಲ್ಲಿ ವಾಯ್ಸ್ ಟೈಪಿಂಗ್ ಕಲಿಸಿಕೊಟ್ಟೆ. ಕೀಬೋರ್ಡಿನ ಮೇಲಿರುವ ಮೈಕ್ ಗುರುತು ಒತ್ತಿ ಮಾತಾಡಿದರೆ ಕನ್ನಡ ಅಕ್ಷರಗಳು ತಾವಾಗಿಯೇ ಮೂಡುವುದನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತು. ನನಗೂ ಸ್ವಲ್ಪ ಜಂಬ ಬಂತು.

ಒಂದು ದಿನ ಬೆಳಿಗ್ಗೆ ಅವರಿಗೆ ಮಾರುಕಟ್ಟೆಗೆ ಹೋಗಲು ಆಗಲಿಲ್ಲ. ಅಲ್ಲಿದ್ದ ಇನ್ನೊಬ್ಬ ರೀಲರ್ ಸ್ನೇಹಿತರಿಗೆ ಫೋನ್ ಮಾಡಿದರು. ಹರಾಜಿನ ಗದ್ದಲದಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ. ‘ಮೆಸೇಜ್ ಹಾಕಿ ಭಾಯ್’ ಎಂದು ಫೋನ್ ಇಟ್ಟುಬಿಟ್ಟರು. ಚಾಚಾ ಘಟಕದಲ್ಲಿ ನಿಂತುಕೊಂಡೇ ಮೈಕ್ ಒತ್ತಿ, ನೀವು ಕೊಳ್ಳುವ ಲಾಟಿನಲ್ಲಿ ನಮಗೂ ಎಪ್ಪತ್ತು ಕೆಜಿ ಗೂಡು ಬೇಕು ಎಂದು ಹೇಳಿ ಕಳಿಸಿದರು. ಮಧ್ಯಾಹ್ನ ಬಂದದ್ದು ಇಪ್ಪತ್ತು ಕೆಜಿ. ಚಾಚಾ ಜಗಳಕ್ಕೆ ಹೋದರೆ ಸ್ನೇಹಿತರು ಫೋನ್ ತೆಗೆದು ತೋರಿಸಿದರು: ‘ನೋಡಿ ಭಾಯ್, ನೀವೇ ಇಪ್ಪತ್ತು ಅಂತ ಹಾಕಿದ್ದೀರಲ್ಲ.’ ಅಲ್ಲಿ ಇಪ್ಪತ್ತು ಎಂದೇ ಇತ್ತು. ಮರುದಿನ ಬೇಸಿನ್‌ಗಳು ಅರ್ಧ ದಿನ ಖಾಲಿ ನಿಂತವು. ಕೆಲಸಕ್ಕೆ ಬಂದಿದ್ದ ಇಬ್ಬರು ಹೆಂಗಸರು ಬುತ್ತಿ ಹಿಡಿದುಕೊಂಡು ವಾಪಸ್ ಹೋದರು. ಅವರಿಗೆ ಅರ್ಧ ಕೂಲಿ ಸಿಕ್ಕಿತು. ಚಾಚಾ ನನ್ನನ್ನು ಬೈಯಲಿಲ್ಲ. ಆದರೆ ಕಲಿಸಿದ್ದು ನಾನೇ ಅಲ್ಲವೇ? ಆದ್ದರಿಂದ ಫೋನ್ ಹೇಗೆ ಕೇಳಿಸಿಕೊಳ್ಳುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಓದಲು ಕುಳಿತೆ. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಮಾತಾಡುವ ಫೋನ್ ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಬಾಯಿಯ ಕೆಲಸ, ಅಂದರೆ ಬರಹವನ್ನು ಮಾತಾಗಿ ಹೇಳುವುದು. ಇನ್ನೊಂದು ಕಿವಿಯ ಕೆಲಸ, ಅಂದರೆ ಮಾತನ್ನು ಕೇಳಿ ಬರಹ ಮಾಡುವುದು. ಇವೆರಡೂ ಒಂದೇ ವಿದ್ಯೆ ಎಂದು ನಾನು ತಿಳಿದಿದ್ದೆ. ಅದು ತಪ್ಪು.

ಬಾಯಿಯ ಕೆಲಸದಲ್ಲಿ ನಮ್ಮ ರಾಜ್ಯಕ್ಕೇ ಒಂದು ಚರಿತ್ರೆ ಇದೆ. ನಾವು ಯಾರೂ ಹುಟ್ಟುವ ಮೊದಲು, 2001ರ ಏಪ್ರಿಲ್‌ನಲ್ಲಿ, ಬೆಂಗಳೂರಿನಲ್ಲಿ ‘ಸಿಂಪ್ಯೂಟರ್’ ಎಂಬ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಹೊರಬಂತು. ಸರಳ, ಅಗ್ಗ, ಬಹುಭಾಷೆ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಕೂಡಿಸಿ ಆ ಹೆಸರು ಇಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಎಂಬ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಎಂಬ ಕಂಪನಿಯವರೂ ಸೇರಿ ಅದನ್ನು ರೂಪಿಸಿದರು. ಓದಲು ಬಾರದ ಹಳ್ಳಿಯವರೂ ಬಳಸುವಂತಿರಬೇಕು ಎಂಬುದು ಅವರ ಆಸೆ. ಹಳ್ಳಿಗೆ ಒಂದು ಯಂತ್ರ ಇದ್ದರೆ ಸಾಕು, ಒಬ್ಬೊಬ್ಬರೂ ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಅದನ್ನೇ ಹಂಚಿಕೊಂಡು ಬಳಸಬಹುದು ಎಂದು ಯೋಚಿಸಿದ್ದರು. ಪರದೆಯ ಮೇಲಿನ ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಲು ರಮೇಶ್ ಹರಿಹರನ್ ಅವರು ‘ಧ್ವನಿ’ ಎಂಬ ತಂತ್ರಾಂಶ ಮಾಡಿದರು. ಮನುಷ್ಯರ ಧ್ವನಿಯಲ್ಲಿ ರೆಕಾರ್ಡ್ ಮಾಡಿದ ಸಣ್ಣ ಸಣ್ಣ ಶಬ್ದದ ತುಂಡುಗಳನ್ನು ಇಟ್ಟುಕೊಂಡು, ಬರಹಕ್ಕೆ ತಕ್ಕಂತೆ ಅವುಗಳನ್ನು ಪೋಣಿಸಿ ಮಾತು ಮಾಡುವುದು ಅದರ ವಿಧಾನ.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ ‘ಅಮಿಡಾ’ ಎಂಬ ಸಿಂಪ್ಯೂಟರ್ ಸುಮಾರು 10,000 ರೂಪಾಯಿಯಿಂದ ಅಂಗಡಿಗೆ ಬಂತು. ಬಂದರೂ ಕೆಲವೇ ಸಾವಿರ ಮಾರಾಟವಾಗಿ ನಿಂತುಹೋಯಿತು. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗುತ್ತಾ ಬಂದಿತ್ತು. ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ ಬರುವ ಮಾರಾಟದ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ ಎಂದು ನನಗೆ ಅನಿಸಿತು. ಅದಿರಲಿ.

ಯಂತ್ರಕ್ಕೆ ಕನ್ನಡ ಓದಿಸುವುದು ಬೇಗ ಸಾಧ್ಯವಾಗಲು ಒಂದು ಕಾರಣ ನಮ್ಮ ಕಣ್ಣ ಮುಂದೆಯೇ ಇದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಪ್ರತಿ ಅಕ್ಷರದಲ್ಲೂ ಸ್ವರ ಇದ್ದೇ ಇರುತ್ತದೆ. ಉರ್ದು ಓದಲು ಬರುವ ನನ್ನ ಸ್ನೇಹಿತರು ಇದನ್ನು ಬೇಗ ಹಿಡಿಯುತ್ತಾರೆ. ಉರ್ದುವಿನಲ್ಲಿ ಅಲಿಫ್ ಮತ್ತು ಸೀನ್ ಎರಡೇ ಅಕ್ಷರ ಬರೆದರೆ ಅದನ್ನು ‘ಇಸ್’ ಎಂದೂ ಓದಬಹುದು, ‘ಉಸ್’ ಎಂದೂ ಓದಬಹುದು. ಒಂದಕ್ಕೆ ಇದು ಎಂಬ ಅರ್ಥ, ಇನ್ನೊಂದಕ್ಕೆ ಅದು ಎಂಬ ಅರ್ಥ. ಜೇರ್, ಪೇಶ್ ಹಾಕದಿದ್ದರೆ ವಾಕ್ಯದ ಅರ್ಥ ನೋಡಿಯೇ ಓದಬೇಕು. ನಾವು ಚಿಕ್ಕಂದಿನಿಂದ ಮನೆಯಲ್ಲಿ ಕೇಳಿರುವುದರಿಂದ ಸರಿಯಾಗಿ ಓದುತ್ತೇವೆ, ಯಂತ್ರ ಏನು ಮಾಡಬೇಕು? ಕನ್ನಡದ ಲಿಪಿಯಲ್ಲಿ ಆ ತೊಂದರೆ ಇಲ್ಲ. ಇಪ್ಪತ್ತು ಎಂದು ಬರೆದಿದ್ದರೆ ಇಪ್ಪತ್ತೇ, ಎಪ್ಪತ್ತು ಎಂದು ಬರೆದಿದ್ದರೆ ಎಪ್ಪತ್ತೇ.

ಫೋನಿನ ಬಾಯಿ ಎಷ್ಟು ಉಪಕಾರಿ ಎಂಬುದನ್ನು ನಾನು ನಮ್ಮ ದಾದಿಯಿಂದ ತಿಳಿದೆ. ದಾದಿ ಮನೆಯ ಮುಂದಿನ ಕೋಣೆಯಲ್ಲಿ ಒಂದು ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದಾರೆ. ಅವರಿಗೆ ಓದಲು ಬರುವುದಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸಾಕ್ಷರರು ಶೇ. 75.36. ಅಂದರೆ 7 ವರ್ಷ ಮೇಲ್ಪಟ್ಟವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ದಾದಿಯ ಹಾಗೆ ಇದ್ದರು. ಮೊದಲು ಯಾರಾದರೂ ಕ್ಯೂಆರ್ ಕೋಡಿಗೆ ಹಣ ಹಾಕಿದರೆ ದಾದಿ ಒಳಗೆ ಕೂಗಿ ‘ಆಯಾ ಕ್ಯಾ ದೇಖೋ’ ಎಂದು ನಮ್ಮನ್ನು ಕರೆಯುತ್ತಿದ್ದರು. ನಾವು ಶಾಲೆಗೆ ಹೋಗಿದ್ದರೆ ಗಿರಾಕಿಯ ಮುಖವನ್ನೇ ನಂಬಬೇಕಿತ್ತು. ಈಗ ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆ ಇದೆ. ಕನ್ನಡದಲ್ಲಿ ಇಷ್ಟು ರೂಪಾಯಿ ಬಂತು ಎನ್ನುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ಕಿಚ್ಚ ಸುದೀಪ್ ಅವರ ಧ್ವನಿ ಇರುವವೂ ಬಂದಿವೆ, ನಮ್ಮದು ಸಾಮಾನ್ಯ ಧ್ವನಿಯದು.

ಒಮ್ಮೆ ಒಬ್ಬ ಹುಡುಗ ಇನ್ನೂರು ರೂಪಾಯಿಯ ಸಾಮಾನು ತೆಗೆದುಕೊಂಡು, ಹಣ ಹೋದ ಹಾಗಿದ್ದ ಒಂದು ಚಿತ್ರವನ್ನು ಪರದೆಯಲ್ಲಿ ತೋರಿಸಿ ಹೊರಟ. ದಾದಿ ಚೀಲದ ಮೇಲಿನ ಕೈ ತೆಗೆಯಲಿಲ್ಲ. ಡಬ್ಬಾ ಮಾತಾಡಲಿಲ್ಲ, ಡಬ್ಬಾ ಮಾತಾಡಲಿ, ಆಮೇಲೆ ಹೋಗು ಎಂದರು. ಡಬ್ಬಾ ಮಾತಾಡಲೇ ಇಲ್ಲ. ಆ ಪೆಟ್ಟಿಗೆಯೊಳಗೆ ಅದರದೇ ಸಿಮ್ ಇರುತ್ತದೆ, ಗಿರಾಕಿಯ ಫೋನಿಗೂ ಅದಕ್ಕೂ ನೇರ ಸಂಬಂಧ ಇಲ್ಲ, ಹಣ ಜಮೆಯಾದ ಸುದ್ದಿ ಕಂಪನಿಯ ಸರ್ವರ್‌ನಿಂದ ಬಂದರೆ ಮಾತ್ರ ಕೂಗುತ್ತದೆ. ಆದ್ದರಿಂದ ಗಿರಾಕಿಯ ಪರದೆಗೆ ಮೋಸ ಮಾಡಲು ಬಂದರೂ ಡಬ್ಬಾಕ್ಕೆ ಮೋಸ ಮಾಡಲು ಬರುವುದಿಲ್ಲ. ಓದು ಬಾರದ ಒಬ್ಬ ಅಜ್ಜಿಗೆ ಅಂಗಡಿಯಲ್ಲಿ ಒಬ್ಬರೇ ಕುಳಿತುಕೊಳ್ಳುವ ಧೈರ್ಯ ಬಂದದ್ದು ಅದರಿಂದ.

ದೃಷ್ಟಿ ಇಲ್ಲದವರಿಗಂತೂ ಇದು ಇನ್ನೂ ದೊಡ್ಡದು. ಆಂಡ್ರಾಯ್ಡ್ ಫೋನಿನ ‘ಟಾಕ್‌ಬ್ಯಾಕ್’ ಆನ್ ಮಾಡಿದರೆ ಬೆರಳು ಇಟ್ಟ ಜಾಗದಲ್ಲಿ ಏನಿದೆ ಎಂದು ಫೋನ್ ಓದಿ ಹೇಳುತ್ತದೆ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲೂ ಅದು ಇದೆ. ಒಮ್ಮೆ ಕಣ್ಣು ಮುಚ್ಚಿಕೊಂಡು ಬಳಸಿ ನೋಡಿ.

ಇನ್ನು ಕಿವಿಯ ಕೆಲಸಕ್ಕೆ ಬರೋಣ. ಕಷ್ಟ ಇರುವುದು ಇಲ್ಲಿ.

ಯಂತ್ರಕ್ಕೆ ಮೊದಲು ಕೇಳಿಸಿದ ಮಾತುಗಳೇ ಅಂಕಿಗಳು. 1952ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ‘ಆಡ್ರಿ’ ಎಂಬ ಯಂತ್ರ ಮಾಡಿತು. ಅದು 0ಯಿಂದ 9ರವರೆಗಿನ ಅಂಕಿಗಳನ್ನು, ಅದಕ್ಕೆ ಅಭ್ಯಾಸವಾದ ಒಬ್ಬರ ಧ್ವನಿಯಲ್ಲಿ ಹೇಳಿದರೆ, ಗುರುತಿಸುತ್ತಿತ್ತು. ಹತ್ತು ವರ್ಷದ ನಂತರ ಐಬಿಎಂ ಕಂಪನಿ ‘ಶೂಬಾಕ್ಸ್’ ಎಂಬುದನ್ನು 1962ರ ಸಿಯಾಟಲ್ ವಸ್ತುಪ್ರದರ್ಶನದಲ್ಲಿ ತೋರಿಸಿತು. ಅದಕ್ಕೆ 16 ಪದ ಗೊತ್ತಿತ್ತು: ಹತ್ತು ಅಂಕಿಗಳು, ಜೊತೆಗೆ ಕೂಡು, ಕಳೆ, ಮೊತ್ತ ಎಂಬಂಥ ಆರು ಪದಗಳು. ಬಾಯಲ್ಲಿ ಹೇಳಿದರೆ ಕೂಡಿಸಿ ಕೊಡುವ ಯಂತ್ರ. ಕಾಮರ್ಸ್‌ನವರಿಗಾಗಿಯೇ ಮಾಡಿದ ಹಾಗಿದೆ! ಅರವತ್ತು ವರ್ಷ ಕಳೆದ ಮೇಲೂ ನಮ್ಮ ಫೋನ್ ಅಂಕಿಯಲ್ಲೇ ತಪ್ಪಿದ್ದು ನನಗೆ ಮೊದಲು ವಿಚಿತ್ರ ಎನಿಸಿತು. ಓದಿದ ಮೇಲೆ ವಿಚಿತ್ರ ಎನಿಸಲಿಲ್ಲ.

ಈಗಿನ ಫೋನ್ ಮಾಡುವುದು ಹೀಗೆ. ಮೈಕ್‌ಗೆ ಬಂದ ಶಬ್ದವನ್ನು ಅದು ಸೆಕೆಂಡಿಗೆ ಸಾಮಾನ್ಯವಾಗಿ 16,000 ಬಾರಿ ಅಳೆದು ಅಂಕಿಗಳ ಸಾಲಾಗಿ ಬರೆದುಕೊಳ್ಳುತ್ತದೆ. ಆ ಸಾಲನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಒಂದರಂತೆ ಸಣ್ಣ ಹೋಳುಗಳಾಗಿ ನೋಡುತ್ತದೆ. ಒಂದೊಂದು ಹೋಳಿನಲ್ಲೂ ಯಾವ ಸ್ವರದ ಕಂಪನ ಎಷ್ಟು ಜೋರಾಗಿದೆ ಎಂದು ಲೆಕ್ಕ ಹಾಕುತ್ತದೆ. ಮೊದಲೇ ಸಾವಿರಾರು ಗಂಟೆ ಮಾತನ್ನೂ ಅದರ ಬರಹವನ್ನೂ ಜೊತೆಜೊತೆಯಾಗಿ ತೋರಿಸಿ ಅದಕ್ಕೆ ಅಭ್ಯಾಸ ಮಾಡಿಸಿರುತ್ತಾರೆ. ಆ ಅಭ್ಯಾಸದಿಂದ ಇದು ‘ಪ’ ಇರಬಹುದು, ಇದು ‘ತ’ ಇರಬಹುದು ಎಂದು ಊಹಿಸುತ್ತದೆ. ಖಚಿತವಾಗಿ ಅದಕ್ಕೆ ಯಾವಾಗಲೂ ಏನೂ ಗೊತ್ತಿರುವುದಿಲ್ಲ, ಇಷ್ಟು ಸಾಧ್ಯತೆ ಅಷ್ಟು ಸಾಧ್ಯತೆ ಎಂಬ ಲೆಕ್ಕ ಮಾತ್ರ. ಕೊನೆಗೆ ಯಾವ ಪದದ ಪಕ್ಕ ಯಾವ ಪದ ಬರುವುದು ಸಹಜ ಎಂಬ ಇನ್ನೊಂದು ಜ್ಞಾನವನ್ನೂ ಸೇರಿಸಿ, ಅತಿ ಹೆಚ್ಚು ಸಾಧ್ಯತೆ ಇರುವ ವಾಕ್ಯವನ್ನು ಬರೆಯುತ್ತದೆ.

ಈಗ ಇಪ್ಪತ್ತು, ಎಪ್ಪತ್ತು ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿ. ‘ಪ್ಪತ್ತು’ ಎರಡರಲ್ಲೂ ಒಂದೇ. ಬೇರೆ ಇರುವುದು ಮೊದಲ ಸ್ವರ ಮಾತ್ರ, ಅದೂ ಹ್ರಸ್ವ. ಮಾತಿನ ಓಟದಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ‘ಇ’ ಮತ್ತು ‘ಎ’ ಬಾಯಲ್ಲಿ ಅಕ್ಕಪಕ್ಕದ ಸ್ವರಗಳು, ‘ಎ’ಗೆ ನಾಲಿಗೆ ಸ್ವಲ್ಪ ಕೆಳಗೆ ಇಳಿಯುತ್ತದೆ, ಅಷ್ಟೇ. ಶಬ್ದದ ಲೆಕ್ಕದಲ್ಲಿ ಹೇಳಿದರೆ ಅವುಗಳ ಮುಖ್ಯ ವ್ಯತ್ಯಾಸ ಇರುವುದು ಸುಮಾರು 300ರಿಂದ 500 ಹರ್ಟ್ಜ್‌ನ ತಗ್ಗಿನ ಕಂಪನಗಳಲ್ಲಿ. ನೂಲು ಬಿಚ್ಚುವ ಯಂತ್ರದ ಮೋಟಾರ್ ಗುಂಯ್ ಎನ್ನುವುದೂ ಅಂಥ ತಗ್ಗಿನ ಸ್ವರದಲ್ಲೇ. ಚಾಚಾ ನಿಂತಿದ್ದದ್ದು ಓಡುತ್ತಿದ್ದ ಮೋಟಾರಿನ ಪಕ್ಕ. ಎರಡು ಅಂಕಿಗಳನ್ನು ಬೇರೆ ಮಾಡುವ ಆ ಒಂದು ಸಣ್ಣ ಗುರುತನ್ನೇ ಮೋಟಾರ್ ಮುಚ್ಚಿಬಿಟ್ಟಿತು ಎಂದು ನಾನು ಊಹಿಸುತ್ತೇನೆ. ಮೋಟಾರ್ ನಿಲ್ಲಿಸಿ ಹೇಳಿಸಿದಾಗ ಫೋನ್ ಎಪ್ಪತ್ತು ಎಂದೇ ಬರೆಯಿತು.

ಸರಿ, ಸದ್ದಿನಲ್ಲಿ ಬೇರೆ ಪದಗಳೂ ಮುಚ್ಚಿಹೋಗಿರಬೇಕಲ್ಲ? ಅವು ಏಕೆ ಸರಿಯಾಗಿ ಬಂದವು? ನನಗೆ ಈ ಪಾಠದಲ್ಲಿ ಅತಿ ಮುಖ್ಯ ಎನಿಸಿದ್ದು ಇದೇ. ‘ಲಾಟಿನಲ್ಲಿ ನಮಗೂ ... ಬೇಕು’ ಎಂದು ಅರ್ಧ ಕೇಳಿಸಿದರೂ ಅಕ್ಕಪಕ್ಕದ ಪದಗಳನ್ನು ನೋಡಿ ಫೋನ್ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ನಾವೂ ಬಸ್ಸಿನಲ್ಲಿ ಹಾಗೆಯೇ ಮಾಡುತ್ತೇವೆ. ಆದರೆ ಇಪ್ಪತ್ತು ಕೆಜಿ ಗೂಡು ಬೇಕು ಎಂಬುದೂ ಸರಿಯಾದ ವಾಕ್ಯವೇ, ಎಪ್ಪತ್ತು ಕೆಜಿ ಗೂಡು ಬೇಕು ಎಂಬುದೂ ಸರಿಯಾದ ವಾಕ್ಯವೇ. ಪದ ತಪ್ಪಿದರೆ ವಾಕ್ಯ ಕಾಪಾಡುತ್ತದೆ. ಅಂಕಿ ತಪ್ಪಿದರೆ ಕಾಪಾಡುವವರು ಯಾರೂ ಇಲ್ಲ. ಓದುವವರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ ತಪ್ಪಾದ ಅಂಕಿ ನೋಡಲು ಸರಿಯಾದ ಅಂಕಿಯ ಹಾಗೆಯೇ ಇರುತ್ತದೆ.

ಲೆಕ್ಕ ಬರೆಯುವವರಿಗೆ ಈ ಅಪಾಯ ಹಳೆಯದು. ಅದಕ್ಕಾಗಿಯೇ ಚೆಕ್ಕಿನಲ್ಲಿ ಮೊತ್ತವನ್ನು ಎರಡು ಸಲ ಬರೆಸುತ್ತಾರೆ, ಒಮ್ಮೆ ಅಂಕಿಯಲ್ಲಿ, ಒಮ್ಮೆ ಅಕ್ಷರದಲ್ಲಿ. ಎರಡೂ ಬೇರೆಯಾದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ ಎಂದು 1881ರ ವರ್ಗಾವಣೀಯ ಲಿಖಿತಗಳ ಅಧಿನಿಯಮದ 18ನೇ ಕಲಂ ಹೇಳುತ್ತದೆ. ಅಂಕಿಗೆ ಎರಡು ಸಾಕ್ಷಿ ಬೇಕು ಎಂದು ನೂರ ನಲವತ್ತು ವರ್ಷಕ್ಕಿಂತ ಹಿಂದೆಯೇ ಬರೆದಿಟ್ಟಿದ್ದಾರೆ. ಮೈಕ್ ಒತ್ತಿ ಒಮ್ಮೆ ‘ಎಪ್ಪತ್ತು’ ಎಂದು ಕಳಿಸುವಾಗ ನಾವು ಒಂದೇ ಸಾಕ್ಷಿ ಕೊಡುತ್ತಿದ್ದೇವೆ, ಅದೂ ಕಿವಿ ಮಂದವಾದ ಸಾಕ್ಷಿ.

ಉರ್ದುವಿನಲ್ಲಿ ಇದಕ್ಕಿಂತ ತಮಾಷೆ ಇದೆ. ಸಾತ್ ಎಂದರೆ 7, ಸಾಠ್ ಎಂದರೆ 60. ನಮ್ಮ ಕಡೆ ‘ಠ’ವನ್ನು ಯಾರೂ ಒತ್ತಿ ಹೇಳುವುದಿಲ್ಲ, ‘ಸಾಟ್’ ಎಂದೇ ಅನ್ನುತ್ತೇವೆ. ಇನ್ನು ಮಾರುಕಟ್ಟೆಯ ಅಂಕಿಗಳು: ಡೇಢ್ ಸೌ ಎಂದರೆ 150, ಢಾಯಿ ಸೌ ಎಂದರೆ 250, ಸವ್ವಾ ಚಾರ್ ಸೌ ಎಂದರೆ 425, ಪೌನೇ ಪಾಂಚ್ ಸೌ ಎಂದರೆ 475. ಕನ್ನಡದಲ್ಲೂ ಒಂದೂವರೆ ಸಾವಿರ, ಎರಡೂಕಾಲು ಲಕ್ಷ ಎನ್ನುತ್ತೇವೆ. ಪೌನೇ ಪಾಂಚ್ ಸೌ ಎಂಬುದರಲ್ಲಿ ಫೋನ್ ‘ಪೌನೇ’ ಬಿಟ್ಟುಬಿಟ್ಟರೆ 475 ಹೋಗಿ 500 ಆಗುತ್ತದೆ. ಕೆಜಿಗೆ 25 ರೂಪಾಯಿ ವ್ಯತ್ಯಾಸ ಎಂದರೆ 70 ಕೆಜಿಗೆ 1,750 ರೂಪಾಯಿ. ಮೊದಲು ಗೂಡಿನ ಹರಾಜು ಬಾಯಲ್ಲಿ ಕೂಗಿ ನಡೆಯುತ್ತಿತ್ತು ಎಂದು ಅಬ್ಬಾ ಹೇಳುತ್ತಾರೆ. ಈಗ ಇ-ಹರಾಜು, ಮೊಬೈಲಿನಲ್ಲಿ ಅಂಕಿ ಒತ್ತಿ ಬಿಡ್ ಹಾಕುತ್ತಾರೆ. ಅದನ್ನು ಮಾತಿಗೆ ಬಿಡದೆ ಬೆರಳಿಗೆ ಬಿಟ್ಟಿರುವುದು ಒಳ್ಳೆಯದೇ ಆಯಿತು ಎಂದು ನನಗೆ ಈಗ ಅನಿಸುತ್ತದೆ.

ಫೋನಿನ ಕಿವಿಗೆ ಇನ್ನೊಂದು ಮಿತಿ ಇದೆ. ಅದು ಯಾರ ಮಾತನ್ನು ಕೇಳಿ ಬೆಳೆದಿದೆ ಎಂಬುದು. 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ವಾಯ್ಸ್ ಟೈಪಿಂಗಿಗೆ ಭಾರತದ ಎಂಟು ಭಾಷೆಗಳನ್ನು ಒಟ್ಟಿಗೆ ಸೇರಿಸಿತು. ಕನ್ನಡವೂ ಉರ್ದುವೂ ಒಂದೇ ದಿನ ಬಂದವು. ನನ್ನ ಶಾಲೆಯ ಭಾಷೆಗೂ ಮನೆಯ ಭಾಷೆಗೂ ಒಂದೇ ಜನ್ಮದಿನ ಎಂದು ಓದಿ ಖುಷಿಯಾಯಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡದ ನಂತರ ಅತಿ ಹೆಚ್ಚು ಜನರ ಮಾತೃಭಾಷೆ ಉರ್ದು, ಶೇ. 10.83. ಆದರೆ ಆ ಫೋನಿನ ಉರ್ದು ಲಖನೌ, ದೆಹಲಿಯ ಪುಸ್ತಕದ ಉರ್ದು. ನಮ್ಮದು ದಖನಿ. ಅವರು ‘ನಹೀಂ’ ಎಂದರೆ ನಾವು ‘ನಕ್ಕೋ’, ಅವರು ‘ಕ್ಯೂಂ’ ಎಂದರೆ ನಾವು ‘ಕೈಕು’, ಅವರು ‘ಕೀಮತ್’ ಎಂದರೆ ನಾವು ‘ಖೀಮತ್’.

ಒಂದು ಸಂಜೆ ದಾದಿಗೆ ಫೋನ್ ಕೊಟ್ಟು ಉರ್ದು ಆರಿಸಿ ಏನಾದರೂ ಕೇಳಿ ಎಂದೆ. ಅವರು ಇಂದು ಗೂಡು ಎಷ್ಟಕ್ಕೆ ಹೋಯಿತು ಎಂದು ಕೇಳಿದರು: ‘ಆಜ್ ಗೂಡಾ ಕಿತ್ತೇಕು ಗಯಾ?’ ಗೂಡು ಎಂಬ ಕನ್ನಡ ಪದ ನಮ್ಮ ಮನೆಯ ಉರ್ದುವಿನಲ್ಲಿ ಸೇರಿ ಎಷ್ಟು ಕಾಲವಾಯಿತೋ. ಫೋನ್ ಬರೆದದ್ದು ‘ಆಜ್ ಗುಡಿಯಾ ಕಿಧರ್ ಕೋ ಗಯಾ’, ಅಂದರೆ ಇಂದು ಗೊಂಬೆ ಎಲ್ಲಿಗೆ ಹೋಯಿತು. ಪರದೆಯ ತುಂಬ ಗೊಂಬೆಗಳು ಬಂದವು. ನಾವೆಲ್ಲ ನಕ್ಕೆವು. ಕನ್ನಡ ಆರಿಸಿ ಅದನ್ನೇ ಕೇಳಿದೆ. ‘ಗೂಡು’ ಸರಿಯಾಗಿ ಬಂತು, ಆದರೆ ಹಕ್ಕಿಯ ಗೂಡಿನ ಚಿತ್ರ ತೋರಿಸಿತು. ದಾದಿ ನಗಲಿಲ್ಲ. ‘ಇಸ್ಕು ಹಮಾರಿ ಬಾತ್ ನೈ ಆತಿ’ ಎಂದು ಫೋನ್ ನನಗೆ ವಾಪಸ್ ಕೊಟ್ಟರು. ನನಗೆ ಬೇಜಾರಾಯಿತು. ಓದು ಬರುವ ನನಗೆ ಟೈಪ್ ಮಾಡಲು ಬೆರಳಿದೆ, ಮೈಕ್ ಬೇಕಿರುವುದು ಅವರಿಗೆ. ಅವರ ಮಾತೇ ಅದಕ್ಕೆ ಬರುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ಕನ್ನಡದವರ ಕಥೆಯೂ ಪೂರ್ತಿ ಬೇರೆ ಅಲ್ಲ. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದು ಇಲ್ಲಿ ದಿನನಿತ್ಯದ ಮಾತು. ಫೋನ್ ಮಾತ್ರ ಮೊದಲು ಒಂದು ಭಾಷೆ ಆರಿಸು ಎನ್ನುತ್ತದೆ.

ಹಾಗಾದರೆ ಫೋನಿಗೆ ನಮ್ಮ ಮಾತು ಬರುವುದು ಹೇಗೆ? ನಮ್ಮಂಥವರ ಮಾತನ್ನು ರೆಕಾರ್ಡ್ ಮಾಡಿ, ಅದರ ಬರಹವನ್ನೂ ಕೊಟ್ಟರೆ ಮಾತ್ರ. ಮಾತು ಇಲ್ಲಿ ಕಚ್ಚಾ ವಸ್ತು, ಗೂಡಿನ ಹಾಗೆ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ‘ಭಾಷಿಣಿ’ ಎಂಬ ಯೋಜನೆ ಆರಂಭಿಸಿತು. ಅದರ ‘ಭಾಷಾದಾನ್’ನಲ್ಲಿ ಪರದೆಯ ಮೇಲಿನ ವಾಕ್ಯವನ್ನು ಗಟ್ಟಿಯಾಗಿ ಓದಿ ಯಾರು ಬೇಕಾದರೂ ಧ್ವನಿ ಕೊಡಬಹುದು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ದಖನಿ ಎಂಬ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆಯ ದಾರಿ ಬೇರೆ. ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಹೆಚ್ಚು ಮಾತು ಕೂಡಿಸುವುದು ಅದರ ಗುರಿ. ಅಲ್ಲಿ ವಾಕ್ಯ ಓದಿಸುವುದಿಲ್ಲ, ಒಂದು ಚಿತ್ರ ತೋರಿಸಿ ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ನನಗೆ ಈ ದಾರಿ ಹೆಚ್ಚು ಸರಿ ಎನಿಸಿತು. ಓದಿಸಿದರೆ ಪುಸ್ತಕದ ಭಾಷೆ ಬರುತ್ತದೆ, ಓದು ಬಾರದವರು ಹೊರಗೇ ಉಳಿಯುತ್ತಾರೆ. ಚಿತ್ರ ತೋರಿಸಿದರೆ ದಾದಿಯೂ ಮಾತಾಡಬಹುದು.

ಕಚ್ಚಾ ವಸ್ತು ಎಂದ ಮೇಲೆ ಬೆಲೆಯ ಪ್ರಶ್ನೆಯೂ ಬರುತ್ತದೆ. ಮಾತು ಕೊಟ್ಟವರಿಗೆ ಏನು ಸಿಗುತ್ತದೆ? ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಯವರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಹೇಳಿಸಿ ಗಂಟೆಗೆ ಸುಮಾರು 5 ಡಾಲರ್, ಅಂದರೆ 400 ರೂಪಾಯಿ ಆಸುಪಾಸು ಕೊಡುತ್ತದೆ ಎಂದು 2023ರಲ್ಲಿ ವರದಿಯಾಗಿತ್ತು. ಅದೇ ಧ್ವನಿಯನ್ನು ಮತ್ತೆ ಮಾರಿದರೆ ಮಾತಾಡಿದವರಿಗೂ ಪಾಲು ಹೋಗುತ್ತದಂತೆ. ಗೂಡು ಬೆಳೆದವರಿಗೆ ಸೀರೆ ಮಾರಾಟವಾದಾಗಲೂ ಒಂದು ಪಾಲು ಬಂದ ಹಾಗೆ! ದಾನ ಮಾಡುವುದು, ಮಾರುವುದು ಎರಡೂ ಸರಿ, ಆದರೆ ಕೊಡುವವರಿಗೆ ತಾವು ಏನು ಕೊಡುತ್ತಿದ್ದೇವೆ ಎಂದು ಗೊತ್ತಿರಬೇಕು ಎಂಬುದು ನನ್ನ ಅಭಿಪ್ರಾಯ.

ಹಣ ಕಳಿಸುವ ಕೆಲಸಕ್ಕೂ ಮಾತು ಈಗಾಗಲೇ ಬಂದಿದೆ. 2022ರ ಮಾರ್ಚ್ 8ರಂದು ರಿಸರ್ವ್ ಬ್ಯಾಂಕ್ ‘ಯುಪಿಐ 123ಪೇ’ ಆರಂಭಿಸಿತು. ಇಂಟರ್‌ನೆಟ್ ಇಲ್ಲದ ಬಟನ್ ಫೋನಿನಿಂದಲೂ ಒಂದು ನಂಬರಿಗೆ ಕರೆ ಮಾಡಿ, ಅದು ಹೇಳಿದ್ದನ್ನು ಕೇಳುತ್ತಾ ಹಣ ಕಳಿಸಬಹುದು. 2023ರ ಸೆಪ್ಟೆಂಬರ್‌ನಲ್ಲಿ ‘ಹಲೋ ಯುಪಿಐ’ ಪ್ರಕಟವಾಯಿತು. ಇವರಿಗೆ ಇಷ್ಟು ಕಳಿಸು ಎಂದು ಬಾಯಲ್ಲೇ ಹೇಳುವ ವ್ಯವಸ್ಥೆ ಅದು. ಮೊದಲು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಬಂತು. ಹೇಗೆ ಕಳಿಸಿದರೂ ಯುಪಿಐ ಪಿನ್ ಬಾಯಲ್ಲಿ ಹೇಳುವಂಥದ್ದಲ್ಲ, ಬೆರಳಿನಿಂದ ಒತ್ತುವಂಥದ್ದು. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಕೇಳಿದವರು ಮೋಸಗಾರರು. ಈಗ ಕೆಲವು ಸೆಕೆಂಡಿನ ರೆಕಾರ್ಡಿಂಗ್ ಇದ್ದರೆ ಒಬ್ಬರ ಧ್ವನಿಯನ್ನೇ ನಕಲು ಮಾಡುವ ತಂತ್ರಾಂಶಗಳಿವೆ. ಮಗನ ಧ್ವನಿಯಲ್ಲಿ ಅಳುತ್ತಾ ಹಣ ಕೇಳಿದರೂ ಫೋನ್ ಇಟ್ಟು, ಮಗನ ನಂಬರಿಗೆ ನೀವೇ ಕರೆ ಮಾಡಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಇದನ್ನು ನಿಮ್ಮ ಮನೆಯ ಹಿರಿಯರಿಗೆ ಅವರ ಮಾತಿನಲ್ಲೇ ಹೇಳಿ.

ಮನೆಯಲ್ಲಿ ಮಾಡಿ ನೋಡಲು ಒಂದು ಅಭ್ಯಾಸ ಕೊಡುತ್ತೇನೆ. ಇಪ್ಪತ್ತು, ಎಪ್ಪತ್ತು, ಎಂಬತ್ತು, ಸಾತ್, ಸಾಟ್, ಒಂದೂವರೆ ಸಾವಿರ, ಪೌನೇ ಪಾಂಚ್ ಸೌ ಇವುಗಳನ್ನು ಒಂದು ವಾಕ್ಯದಲ್ಲಿ ಇಟ್ಟು ಮೈಕ್ ಒತ್ತಿ ಹೇಳಿ. ಮೊದಲು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಆಮೇಲೆ ಫ್ಯಾನ್ ಹಾಕಿ, ಆಮೇಲೆ ಬಸ್ ನಿಲ್ದಾಣದಲ್ಲಿ. ನಂತರ ಅದೇ ವಾಕ್ಯವನ್ನು ಮನೆಯ ಅತಿ ಹಿರಿಯರಿಂದ ಹೇಳಿಸಿ. ಏನು ಬಂತೋ ಅದನ್ನು ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಿ ಬರೆದುಕೊಳ್ಳಿ, ಹೇಳಿದ್ದು ಒಂದು ಕಡೆ, ಕೇಳಿಸಿಕೊಂಡದ್ದು ಇನ್ನೊಂದು ಕಡೆ. ನನ್ನ ನೋಟ್‌ಬುಕ್‌ನಲ್ಲಿ ಹಿರಿಯರ ಪುಟದಲ್ಲೇ ತಪ್ಪು ಹೆಚ್ಚು. ನಿಮ್ಮದರಲ್ಲಿ ಬೇರೆ ರೀತಿ ಬಂದರೆ ತಂದು ತೋರಿಸಿ, ಕಾಮರ್ಸ್ ವಿಭಾಗದಲ್ಲಿ ಕೂತು ಹೋಲಿಸಿ ನೋಡೋಣ.

ಚಾಚಾ ವಾಯ್ಸ್ ಟೈಪಿಂಗ್ ಬಿಟ್ಟಿಲ್ಲ. ಆದರೆ ಈಗ ಮೋಟಾರಿನಿಂದ ದೂರ, ಬಾದಾಮಿ ಮರದ ಕೆಳಗೆ ಹೋಗಿ ನಿಂತು ಮಾತಾಡುತ್ತಾರೆ. ಅಂಕಿ ಬಂದಾಗ ‘ಎಪ್ಪತ್ತು ಕೆಜಿ, ಏಳು ಸೊನ್ನೆ’ ಎಂದು ಎರಡು ಸಲ ಹೇಳುತ್ತಾರೆ. ‘ಏಳು’ ಮತ್ತು ‘ಎರಡು’ ‘ಎಪ್ಪತ್ತು’, ‘ಇಪ್ಪತ್ತು’ಗಳಷ್ಟು ಒಂದೇ ರೀತಿ ಕೇಳಿಸುವುದಿಲ್ಲ. ಬರೆದದ್ದನ್ನು ಫೋನಿನಿಂದಲೇ ಒಮ್ಮೆ ಓದಿಸಿ ಕೇಳಿ, ಆಮೇಲೆ ಕಳಿಸುತ್ತಾರೆ. ಮಾರುಕಟ್ಟೆಯಿಂದ ಸ್ನೇಹಿತರ ಉತ್ತರವೂ ಈಗ ಹಾಗೆಯೇ ಬರುತ್ತದೆ: ‘ಸರಿ ಭಾಯ್, ಎಪ್ಪತ್ತು, ಏಳು ಸೊನ್ನೆ.’

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ, ಮೇಲೂರು